ಹದಿನೇಳನೇ ಮನೆಯ ಸಾಲು

ನಾವು ಕಾದೆವು. ಅದೇ ಮೊದಲ ತಪ್ಪು. ವೋಲ್ಫ್ಸ್‌ಬುರ್ಗ್‌ನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಆ ಜರ್ಮನ್ ಹಳ್ಳಿಗೆ ಬಂದು, ಹಳೆಯ ರೈತರ ಮನೆಯೊಂದರ ಮಹಡಿಯನ್ನು ಬಾಡಿಗೆಗೆ ಹಿಡಿದು, ಅಕ್ಕಪಕ್ಕದವರು ಬಂದು ಮಾತಾಡಿಸುತ್ತಾರೆಂದು ನಾನೂ ನನ್ನ ಹೆಂಡತಿಯೂ ಒಂದು ವರ್ಷ ಕಾದೆವು. ನಮ್ಮ ಬಾಗಲಕೋಟೆ ಕಡೆ ಹೊಸ ಬಿಡಾರ ಬಂತೆಂದರೆ ಸಾಮಾನು ಇಳಿಸುವುದರೊಳಗೆ ಎದುರು ಮನೆಯಿಂದ ಚಹಾ ಬರುತ್ತದೆ, ಚಹಾದ ಹಿಂದೆಯೇ ಯಾವ ಊರು, ಯಾರ ಪೈಕಿ, ಮಕ್ಕಳೆಷ್ಟು ಎನ್ನುವ ವಿಚಾರಣೆ. ಇಲ್ಲಿ ಕಿಟಕಿಯ ಪರದೆ ಅಲ್ಲಾಡುತ್ತಿತ್ತು, ಬಾಗಿಲು ಅಲ್ಲಾಡುತ್ತಿರಲಿಲ್ಲ.

"ಸತ್ತು ಬಿದ್ರೂ ವಾಸನಿ ಬಂದ ಮ್ಯಾಲೇ ಕೇಳ್ತಾರ ಈ ಮಂದಿ," ಎಂದಳು ಹೆಂಡತಿ.

"ವಾಸನಿ ಬಂದ್ರೂ ಬರಂಗಿಲ್ಲ. ಚೀಟಿ ಅಂಟಿಸ್ತಾರ," ಎಂದೆ.

ಕೊನೆಗೆ ಹೇಳಿದವರು ಕೆಳಗಿನ ಮನೆಯ ಮಾಲಕಿ. ಎಪ್ಪತ್ತರ ಹತ್ತಿರದ ವಿಧವೆ. ನನ್ನ ಹೆಂಡತಿ ಅವರನ್ನು ಮೊದಲ ದಿನದಿಂದ ಆಯಿ ಎಂದೇ ಕರೆದಳು, ಅವರು ಅದೇನೆಂದು ಕೇಳದೆಯೇ ಓಗೊಟ್ಟರು. ಇಲ್ಲಿ ಹೊಸದಾಗಿ ಬಂದವರು ತಾವೇ ಹೋಗಿ ಬೀದಿಯ ಪ್ರತಿ ಮನೆಯ ಗಂಟೆ ಒತ್ತಿ ಹೆಸರು ಹೇಳಬೇಕಂತೆ. "ನೀವು ಅವರನ್ನು ಸೊಕ್ಕಿನವರು ಅನ್ನುತ್ತೀರಿ. ಬೀದಿಯವರು ಒಂದು ವರ್ಷದಿಂದ ನಿಮ್ಮನ್ನು ಅದೇ ಅನ್ನುತ್ತಿದ್ದಾರೆ," ಎಂದು ನಕ್ಕರು. ಆಮೇಲೆ, ನಗು ಮುಗಿದ ಮೇಲೆ ಅಂತ ನೆನಪು, ತಮ್ಮ ತಾಯಿ ಆ ಪದ್ಧತಿಯನ್ನು ತಪ್ಪದೆ ಪಾಲಿಸಿದಳೆಂದೂ, ಒತ್ತಿದ ಗಂಟೆಗಳಲ್ಲಿ ಹೆಚ್ಚಿನವಕ್ಕೆ ಯಾರೂ ಬಾಗಿಲು ತೆರೆಯಲಿಲ್ಲವೆಂದೂ ಹೇಳಿದರು.

ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ರಷ್ಯದ ಸೇನೆಗೆ ಹೆದರಿ ಪೂರ್ವದ ಕಡೆಯಿಂದ ಓಡಿಬಂದವರು ಅವರು. ಆಯಿಗೆ ಆಗ ಹನ್ನೊಂದು ವರ್ಷ. ಸರಕಾರ ತಾಯಿ ಮಗಳನ್ನು ಹದಿನೇಳನೇ ನಂಬರಿನ ಈ ಮನೆಗೆ ಹಂಚಿಕೊಟ್ಟಿತು, ಮನೆಯವರಿಗೆ ಇಷ್ಟವಿತ್ತೋ ಇಲ್ಲವೋ ಕೇಳದೆ. ನಾವು ಈಗ ಮಲಗುತ್ತಿದ್ದ ಕೋಣೆಯಲ್ಲಿ ಅವರು ಮಲಗಿದರು. ತಾಯಿ ಆ ಮನೆಯ ಹಸು ಹಂದಿ ನೋಡಿಕೊಂಡು, ಕೊನೆಗೆ ಆ ಮನೆಯ ಮುದುಕಿಯನ್ನೂ ನೋಡಿಕೊಂಡು, ಅಲ್ಲೇ ತೀರಿಕೊಂಡಳು. ಆ ಮನೆಯ ಗಂಡುಮಕ್ಕಳು ಯುದ್ಧದಿಂದ ವಾಪಸು ಬರಲಿಲ್ಲ. ಮುಂದೆ ಆಯಿಯ ಗಂಡ, ಕಾರಿನ ಕಾರ್ಖಾನೆಯ ಕೆಲಸಗಾರ, ಮನೆಯನ್ನು ಕೊಂಡ. ಇಷ್ಟು ಚರಿತ್ರೆ. ನಾಲ್ಕು ಸಾಲಿನಲ್ಲಿ ಮುಗಿಯುವಂಥದ್ದು, ಒಂದು ಸಾಲಿಗೂ ಇಳಿಸಬಹುದು. ಆ ಒಂದು ಸಾಲಿನ ಬಗ್ಗೆಯೇ ನಾನು ಬರೆಯುತ್ತಿರುವುದು.

ಹಳ್ಳಿ ಎಂದೆ, ಆದರೆ ನಮ್ಮ ಕಡೆ ತಾಲೂಕು ಕಚೇರಿ ಕೊಡಬಹುದಾದಷ್ಟು ದೊಡ್ಡದು. ಎರಡು ಬೇಕರಿ, ಹಲ್ಲಿನ ಡಾಕ್ಟರು, ಈಜುಕೊಳ, ಸಂಬಳವಿಲ್ಲದ ಊರವರೇ ನಡೆಸುವ ಅಗ್ನಿಶಾಮಕ ದಳ. ಶನಿವಾರ ಮಧ್ಯಾಹ್ನ ಅವರು ಪರೀಕ್ಷೆಗೆಂದು ಸೈರನ್ ಊದಿದಾಗ ಮೊದಲ ಸಲ ನಾವಿಬ್ಬರೂ ಪಾಸ್‌ಪೋರ್ಟು ಹಿಡಿದುಕೊಂಡು ಕೆಳಗೆ ಓಡಿದ್ದೆವು. ನಡುವೆ ಚರ್ಚು, ಸುತ್ತ ಇಟ್ಟಿಗೆ ಮತ್ತು ಮರದ ತೊಲೆಗಳ ಹಳೆಯ ಮನೆಗಳು. ಆಚೆ, ಓಡಿಬಂದವರಿಗೆ ಆಮೇಲೆ ಕಟ್ಟಿಕೊಟ್ಟ ಒಂದೇ ಅಚ್ಚಿನ ಸಣ್ಣ ಮನೆಗಳು. ಇನ್ನೂ ಆಚೆ ಕಾರ್ಖಾನೆಯವರು. ಈರುಳ್ಳಿಯ ಪದರಗಳ ಹಾಗೆ ಎಂದು ಬರೆದಿದ್ದೆ, ಹೊಡೆದುಹಾಕಿದೆ. ಈರುಳ್ಳಿಯಲ್ಲಿ ಒಳಗಿನ ಪದರಕ್ಕೆ ಹೊರಗಿನದರ ಮೇಲೆ ತಾತ್ಸಾರ ಇರುವುದಿಲ್ಲ.

ಆ ಊರಿನ ಹೆಸರು ಯಾವುದೋ ಮಠದ ದಾಖಲೆಯಲ್ಲಿ ಮೊದಲ ಸಲ ಕಂಡು ಎಷ್ಟೋ ನೂರು ವರ್ಷ ತುಂಬುವುದಿತ್ತು. ಊರು ತನ್ನ ಚರಿತ್ರೆಯ ಪುಸ್ತಕ ತರಲು ಹೊರಟಿತು. ಸಮಿತಿಯ ಮುಖ್ಯಸ್ಥರು ನಿವೃತ್ತ ಮೇಷ್ಟ್ರು, ಎತ್ತರದ, ಸದಾ ಇಸ್ತ್ರಿಯಾಗಿರುವ ಮನುಷ್ಯ. ಒಂದು ಭಾನುವಾರ ನಮ್ಮ ಗಂಟೆ ಒತ್ತಿದರು. ಪಕ್ಕದಲ್ಲಿ ಕಾಗದ ತುಂಬಿದ ಎರಡು ರಟ್ಟಿನ ಪೆಟ್ಟಿಗೆ.

"ನೀವು ಇಂಡಿಯಾದವರು, ಕಂಪ್ಯೂಟರ್ ಗೊತ್ತಿರುತ್ತದೆ," ಎಂದರು.

ನಾನು ಬರೆಯುತ್ತಿದ್ದದ್ದು ಕಾರಿನ ಬ್ರೇಕಿನ ಪ್ರೋಗ್ರಾಮು. ಅದಕ್ಕೂ ಪುಸ್ತಕದ ಪುಟ ಕಟ್ಟುವುದಕ್ಕೂ ಇರುವ ಸಂಬಂಧ ಲಾರಿ ಮೆಕ್ಯಾನಿಕ್‌ಗೂ ಹಲ್ಲಿನ ಡಾಕ್ಟರಿಗೂ ಇರುವಷ್ಟೇ. ಇಬ್ಬರ ಕೈಯಲ್ಲೂ ಇಕ್ಕಳ ಇರುತ್ತದೆ. ಹಾಗೆ ಹೇಳಬೇಕಿತ್ತು. ಹೇಳಲಿಲ್ಲ. ಮೇಷ್ಟ್ರು ಗ್ರಾಮಸಭೆಯ ಸದಸ್ಯರೂ ಆಗಿದ್ದರು, ಮತ್ತು ಮೆಟ್ಟಿಲಿಳಿಯುವಾಗ, "ನಿಮ್ಮ ಐದು ವರ್ಷ ಮುಗಿಯುವಾಗ ಒಂದು ಶಿಫಾರಸು ಕಾಗದ ಇದ್ದರೆ ಒಳ್ಳೆಯದಲ್ಲವೇ?" ಎಂದಿದ್ದರು. ಕಂಪ್ಯೂಟರಿನವರಿಗೆ ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡು ಹೆಸರಿಗೆ ಮಾತ್ರ ಅಮೆರಿಕದ್ದು. ಇಲ್ಲಿ ಅದಕ್ಕೆ ಐದು ವರ್ಷದ ಆಯುಸ್ಸು. ನನ್ನದರಲ್ಲಿ ಎರಡು ಕಳೆದುಹೋಗಿತ್ತು.

ಹಾಗಾಗಿ ನಾನು ಆ ಊರಿನ ಚರಿತ್ರೆಯನ್ನು ಪೂರ್ತಿ ಟೈಪ್ ಮಾಡಿದೆ. ಬೆಂಕಿ ಬಿದ್ದ ವರ್ಷಗಳು, ಪಾದ್ರಿಗಳ ಪಟ್ಟಿ, ಗುರಿ ಹೊಡೆಯುವವರ ಬಂದೂಕು ಸಂಘದ ಚಾಂಪಿಯನ್ನರು, ಬೀಟ್‌ರೂಟಿನ ಸಕ್ಕರೆಗೆ ಬೆಲೆ ಬಂದದ್ದು, ಹತ್ತಿರದ ಪೂರ್ವ ಜರ್ಮನಿಯ ಗಡಿಗೆ ತಂತಿ ಬೇಲಿ ಬಂದದ್ದು ಮತ್ತು ಹೋದದ್ದು. ಎಲ್ಲಕ್ಕಿಂತ ಉದ್ದದ ಅಧ್ಯಾಯ ಮನೆಪಟ್ಟಿ. ಪ್ರತಿ ಮನೆಯ ನಂಬರು, ಅದರ ಕೆಳಗೆ ಆ ಮನೆಯಲ್ಲಿ ಬಾಳಿದವರ ಹೆಸರುಗಳು, ಮುನ್ನೂರು ವರ್ಷದಿಂದ. ಊರವರು ಈ ಪುಸ್ತಕ ಕೊಳ್ಳುವುದು ಆ ಪಟ್ಟಿಗಾಗಿಯೇ ಎಂದು ಮೇಷ್ಟ್ರೇ ಹೇಳಿದ್ದರು. ಹದಿನೇಳರ ಕೆಳಗೆ ಮುದುಕಿಯ ಹೆಸರಿನ ಮುಂದೆ ಹೀಗಿತ್ತು: ವಂಶ ಇಲ್ಲಿಗೆ ನಿಂತಿತು. ಆಮೇಲೆ ಹದಿನೆಂಟನೇ ಮನೆ.

ಆಯಿ ಒಂದೇ ಒಂದು ಕೇಳಿದರು. ಅವರಿಗಾಗಿ ಅಲ್ಲ, ತಾಯಿಗಾಗಿ. ಯಾವ ಚಳಿಗಾಲದಲ್ಲಿ ಯಾವ ಊರಿನಿಂದ ಬಂದಳು, ಯಾವ ವರ್ಷ ಇದೇ ಮನೆಯಲ್ಲಿ ತೀರಿಕೊಂಡಳು, ಹೆಸರು. "ಒಂದು ಸಾಲು ಹಿಡಿಸುತ್ತದಲ್ಲ ಅಲ್ಲಿ? ನಿಮ್ಮ ಕೈಯಲ್ಲೇ ಇದೆಯಲ್ಲ ಪುಸ್ತಕ," ಎಂದರು. ನನ್ನ ಕೈಯಲ್ಲೇ ಇತ್ತು. ಅವರ ಎದುರಿಗೇ ಟೈಪ್ ಮಾಡಿದೆ. ಅವರು ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಾಗಿ ಓದಿ, ತಾಯಿಯ ಊರಿನ ಹೆಸರಿನಲ್ಲಿ ಒಂದು ಅಕ್ಷರ ತಿದ್ದಿಸಿದರು.

ಮೇಷ್ಟ್ರ ತಿದ್ದುಪಡಿಯ ಪ್ರತಿ ವಾಪಸು ಬಂದಾಗ ಆ ಸಾಲಿನ ಮೇಲೆ ಸ್ಕೇಲು ಇಟ್ಟು ಎಳೆದ ಕೆಂಪು ಗೆರೆ ಇತ್ತು.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಂಬಬೇಡಿ. ನನ್ನ ನೆನಪಿನಲ್ಲಿ ನಾನು ಮೇಷ್ಟ್ರ ಕೋಣೆಯಲ್ಲಿ ಎದ್ದು ನಿಂತಿದ್ದೇನೆ. "ಐವತ್ತಕ್ಕೂ ಹೆಚ್ಚು ವರ್ಷ ಇಲ್ಲಿ ಬಾಳಿದವರು ನಿಮ್ಮ ಊರವರಲ್ಲದಿದ್ದರೆ ಯಾರು ನಿಮ್ಮ ಊರವರು?" ಎಂದು ಕೇಳುತ್ತಿದ್ದೇನೆ. ಜರ್ಮನ್ ಭಾಷೆ ಎಂದೂ ಇಲ್ಲದ ಹಾಗೆ ನಾಲಿಗೆಗೆ ಬರುತ್ತಿದೆ. ಮೇಷ್ಟ್ರು ತಬ್ಬಿಬ್ಬಾಗಿದ್ದಾರೆ. ಹೊರಗೆ ಹಿಮ. ಈ ಚಿತ್ರವನ್ನು ನಾನು ಹತ್ತಾರು ಜನರಿಗೆ ಹೇಳಿದ್ದೇನೆ. ಒಮ್ಮೆ ಹ್ಯಾನೋವರ್‌ನ ಕನ್ನಡ ಗೆಳೆಯರ ಊಟದಲ್ಲಿ ಹೇಳುತ್ತಿದ್ದಾಗ, ಚಪಾತಿ ಬಡಿಸುತ್ತಿದ್ದ ಹೆಂಡತಿ ಅಲ್ಲೇ ನಿಂತಳು.

"ಹಿಮ ಎಲ್ಲಿತ್ರಿ? ಆಸ್ಪರಾಗಸ್ ಕಾಯಿಪಲ್ಲೆ ಮಾರಾಕತ್ತಿದ್ರು. ಮೇ ತಿಂಗಳದು."

"ಇರ್ಲಿ ಬಿಡು, ಮೇ."

"ಜಗಳಾನೂ ಇಲ್ಲ ಗಿಗಳಾನೂ ಇಲ್ಲ. ನಾನೂ ಅಲ್ಲೇ ಕುಂತಿದ್ನಿ. ಅವರು 'ಒಬ್ರಿಗೆ ಕೊಟ್ರ ಎಲ್ಲಾರಿಗೂ ಕೊಡಬೇಕಾಗ್ತದ, ಪಟ್ಟಿ ಹಳೇ ಮನೆತನದ್ದು' ಅಂದ್ರು. ನೀವು 'ಹೌದ್ರಿ' ಅಂದ್ರಿ. ಅಳಿಸಿದ್ರಿ. ಚಹಾ ಕುಡುದ್ರಿ. ಎರಡು ಬಿಸ್ಕೀಟು ಸೈತ ತಿಂದ್ರಿ."

ಗೆಳೆಯರು ನಕ್ಕರು. "ಗುರು, ಬಿಸ್ಕೀಟು ಯಾವುದು ಅಂತನಾದ್ರೂ ನೆನಪಿದೆಯಾ?" ಎಂದ ಒಬ್ಬ. ನಾನೂ ನಕ್ಕೆ. ಆ ನಗುವಿನ ಬಗ್ಗೆ ಈಗಲೂ ನನಗೆ ಮೈ ಉರಿಯುತ್ತದೆ.

ಅವಳು ಹೇಳಿದ್ದೇ ನಿಜ. ಹೌದು ಎಂದೆ. ಅಲ್ಲೇ ಲ್ಯಾಪ್‌ಟಾಪ್ ತೆರೆದು ಡಿಲೀಟ್ ಕೀಲಿ ಒತ್ತಿದೆ. ಕೆಳಗಿನ ಸಾಲು ಒಂದು ಬೆರಳಿನಷ್ಟು ಮೇಲಕ್ಕೆ ಬಂದು ಕೂತಿತು. ಓಡಿಬಂದವರಿಗೆ ಬೇರೆ ಅಧ್ಯಾಯವಿತ್ತು, ಎರಡು ಪುಟದ್ದು, ಹೆಸರುಗಳಿಲ್ಲದ್ದು. ಅವರು ಬಂದದ್ದರಿಂದ ಊರಿಗೆ ಆದ ವಸತಿಯ ತೊಂದರೆಯನ್ನು ಅದರಲ್ಲಿ ವಿವರವಾಗಿ ಬರೆದಿದ್ದರು.

ಇನ್ನೂ ಕೆಟ್ಟದ್ದಿದೆ. ಪುಸ್ತಕದ ಕೊನೆಯ ಪುಟಕ್ಕೆ ಮೇಷ್ಟ್ರಿಗೆ ನಮ್ಮ ಫೋಟೋ ಬೇಕಾಯಿತು. ಊರು ಜಗತ್ತಿಗೆ ತೆರೆದುಕೊಂಡಿದೆ ಎಂದು ತೋರಿಸಲಿಕ್ಕೆ. ಜೀನ್ಸು ಜಾಕೀಟು ಹಾಕಿಕೊಂಡು ಹೋದ ಹೆಂಡತಿಯನ್ನು ವಾಪಸು ಕಳಿಸಿ ಸೀರೆ ಉಡಿಸಿದರು. ಅಗ್ನಿಶಾಮಕ ದಳದ ಕೆಂಪು ಗಾಡಿಯ ಮುಂದೆ ಇಳಕಲ್ ಸೀರೆ. "ಗಾಡಿ ಮ್ಯಾಲ ಹತ್ತಿ ಕೂಡಂತಾರೇನು ಕೇಳ್ರಿ, ಮೆರವಣಿಗಿ ಒಂದ ಬಾಕಿ ಐತಿ," ಎಂದು ಹಲ್ಲು ಬಿಗಿಹಿಡಿದು ಅವಳು ಗೊಣಗಿದ ಕ್ಷಣದಲ್ಲೇ ಫೋಟೋ ತೆಗೆದರು. ಮುಗುಳ್ನಗುವಿನ ಹಾಗೆ ಕಾಣುತ್ತದೆ. ಮೂರು ವರ್ಷವೂ ತುಂಬದ ನಮಗೆ ಪೂರ್ತಿ ಪುಟ, ಬಣ್ಣದ್ದು.

ಪುಸ್ತಕ ಹಂಚಿದ್ದು ಬಂದೂಕು ಸಂಘದ ಸಭಾಂಗಣದಲ್ಲಿ, ಕೇಕು ಕಾಫಿಯ ಜೊತೆ. ಆಯಿ ಒಳ್ಳೆಯ ಕೋಟು ಹಾಕಿಕೊಂಡು ಬಂದಿದ್ದರು. ಸಾಲು ತೆಗೆದದ್ದನ್ನು ನಾನು ಅವರಿಗೆ ಹೇಳಿರಲಿಲ್ಲ. ಹೇಳಲು ಐದು ತಿಂಗಳಿತ್ತು. ಅವರು ಪುಸ್ತಕ ಬಿಡಿಸಿ ಹದಿನೇಳಕ್ಕೆ ಹೋದರು. ಬೆರಳು ಕೆಳಗಿಳಿಯಿತು, ನಿಂತಿತು, ಹದಿನೆಂಟನೇ ಮನೆಯ ಮೇಲೆ ಹೋಯಿತು, ತಿರುಗಿ ಬಂತು. ಸುತ್ತ ಎಲ್ಲರೂ ತಮ್ಮ ತಮ್ಮ ಮನೆ ಹುಡುಕಿಕೊಂಡು ಜೋರಾಗಿ ಓದುತ್ತಿದ್ದರು.

"ಕೇಳಿದಿರಾ ನೀವು, ಮೇಷ್ಟ್ರನ್ನು?" ಎಂದರು ಆಯಿ.

"ಕೇಳಿದೆ," ಎಂದೆ. "ಬಹಳ ವಾದ ಮಾಡಿದೆ. ಒಪ್ಪಲಿಲ್ಲ."

ತಲೆದೂಗಿದರು. ಕೊನೆಯ ಪುಟ ತೆಗೆದು, "ಸೀರೆ ಚೆನ್ನಾಗಿ ಬಂದಿದೆ," ಎಂದರು.

ಒಂದು ವಾರದೊಳಗೆ ಬೀದಿಗೆಲ್ಲ ಸುದ್ದಿಯಾಗಿತ್ತು, ಹದಿನೇಳರ ಮಹಡಿಯವನು ಆಯಿಯ ತಾಯಿಗಾಗಿ ಮೇಷ್ಟ್ರ ಜೊತೆ ಜಗಳವಾಡಿದ ಎಂದು. ಬೇಕರಿಯವಳು ನನಗೆ ಮೊದಲ ಸಲ ಹೆಸರು ಹಿಡಿದು ನಮಸ್ಕಾರ ಹೇಳಿದಳು. ಎಂಟನೇ ದಿನವೋ ಏನೋ, ಬೆಳಗ್ಗೆ ಬಸ್ ಸ್ಟಾಪಿನಲ್ಲಿ ಕಾರ್ಖಾನೆಯ ಪಾಳಿಯವರ ನಡುವೆ ನಿಂತಿದ್ದಾಗ ಮೇಷ್ಟ್ರು ಸೈಕಲ್ಲಿನಿಂದ ಇಳಿದರು.

"ನೀವು ನನ್ನ ಜೊತೆ ಜಗಳ ಮಾಡಿದಿರಂತೆ. ಯಾವಾಗ?"

ನಿಜವಾಗಿ ಗೊತ್ತಾಗದೆ ಕೇಳುತ್ತಿದ್ದರು. ಅದೇ ನನ್ನನ್ನು ಕೆರಳಿಸಿತು.

"ಈಗ," ಎಂದೆ.

ಹಾಗೆ ಆಯಿತು ಜಗಳ. ಪುಸ್ತಕ ಅಚ್ಚಾಗಿ, ಹಂಚಿ, ಕೇಕು ತಿಂದಾದ ಮೇಲೆ. ಬಂದದ್ದು ಹರಕು ಜರ್ಮನ್. ಕ್ರಿಯಾಪದಗಳು ಬಾಯಿಗೆ ಸಿಗಲಿಲ್ಲ. ಅವಳು, ಹಸು, ಮುದುಕಿ, ಹೊಲಸು, ಐವತ್ತು ವರ್ಷ, ನಿಮಗೆ ನಾಚಿಕೆ. ಮಧ್ಯೆ ಕನ್ನಡದಲ್ಲೂ ಬೈದಿರಬೇಕು. ಪಾಳಿಯವರು ಬಸ್ಸು ಬಂದರೂ ಹತ್ತದೆ ನೋಡಿದರು. ಮೇಷ್ಟ್ರ ಮುಖ ಕೆಂಪಾಯಿತು. "ಈಗ ಅಚ್ಚಾಗಿ ಹೋಗಿದೆಯಲ್ಲ," ಎಂದಷ್ಟೇ ಹೇಳಿ ಸೈಕಲ್ ತಳ್ಳಿಕೊಂಡು ಹೋದರು. ನೆನಪಿನಲ್ಲಿ ನಾನು ಎದ್ದು ನಿಂತಿದ್ದ ಚಿತ್ರ ಇಲ್ಲಿಯದೇ ಇರಬೇಕು, ತಿಂಗಳು ತಪ್ಪಿ ಮೇಷ್ಟ್ರ ಕೋಣೆಗೆ ಹೋಗಿ ಸೇರಿಕೊಂಡದ್ದು. ಆದರೆ ಈ ಜೋಡಣೆ ನನಗೆ ತೀರ ಅನುಕೂಲವಾಗಿದೆ. ಅದಕ್ಕೇ ಇದನ್ನೂ ಪೂರ್ತಿ ನಂಬುವುದಿಲ್ಲ. ಶಿಫಾರಸು ಕಾಗದ ಬರಲಿಲ್ಲ. ಬೇಕಾಗಲೂ ಇಲ್ಲ; ನನ್ನ ಐದು ವರ್ಷ ಮುಗಿಯುವ ಹೊತ್ತಿಗೆ ಕಾನೂನೇ ಬದಲಾಗಿ, ಕಚೇರಿಯಲ್ಲಿ ನಂಬರು ಚೀಟಿ ಹಿಡಿದು ಕೂತ ಎಲ್ಲರಿಗೂ ಕೊಟ್ಟಂತೆ ನನಗೂ ಉಳಿಯುವ ಪರವಾನಗಿ ಕೊಟ್ಟರು. ಯಾವ ಕಾಗದದ ಆಸೆಗೆ ಆ ಸಾಲು ಅಳಿಸಿದೆನೋ ಅದನ್ನು ಯಾರೂ ಕೇಳಲೇ ಇಲ್ಲ.

ಜಗಳದ ದಿನ ಕೆಲಸದಿಂದ ಬಂದವನು ಮಹಡಿ ಹತ್ತಲಿಲ್ಲ. ಆಯಿ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು.

"ನಾನು ಆಗ ಕೇಳಿರಲಿಲ್ಲ. ಸುಳ್ಳು ಹೇಳಿದೆ," ಎಂದೆ.

"ಗೊತ್ತು. ಮೇಷ್ಟ್ರೇ ಮೇ ತಿಂಗಳಲ್ಲಿ ಬೇಕರಿಯಲ್ಲಿ ಸಿಕ್ಕಾಗ ಹೇಳಿದ್ದರು. ನಿಮ್ಮ ಬಾಡಿಗೆಯವರು ತಿಳಿವಳಿಕಸ್ಥರು, ಒಂದು ಮಾತೂ ಆಡದೆ ತೆಗೆದರು ಅಂತ."

"ಮತ್ತೆ ಸಭಾಂಗಣದಲ್ಲಿ ಯಾಕೆ ಹುಡುಕಿದಿರಿ? ಯಾಕೆ ನನ್ನನ್ನು ಕೇಳಿದಿರಿ?"

"ಹುಡುಕಿದ್ದು, ಅವರಿಗೆ ಮನಸ್ಸು ಬದಲಾಗಿರಬಹುದು ಅಂತ. ಕೇಳಿದ್ದು, ನೀವು ಏನು ಹೇಳುತ್ತೀರಿ ನೋಡೋಣ ಅಂತ."

ಸಿಟ್ಟು ಯಾರ ಮೇಲೆ ಎಂದು ವಿಂಗಡಿಸಲು ಆಗಲೂ ಆಗಲಿಲ್ಲ, ಈಗಲೂ ಆಗುವುದಿಲ್ಲ. "ಗೊತ್ತಿದ್ದೂ ಬೀದಿಗೆಲ್ಲ ಯಾಕೆ ಹೇಳಿದಿರಿ, ನಾನು ಜಗಳ ಮಾಡಿದೆ ಅಂತ?"

"ಜಗಳ ಅಂದರೆ ಜನ ಕಿವಿ ಕೊಡುತ್ತಾರೆ. ಯಾತಕ್ಕೆ ಜಗಳ ಅಂತ ಕೇಳುತ್ತಾರೆ. ಆಗ ಅಮ್ಮನ ಹೆಸರು ಹೇಳಲೇಬೇಕಾಗುತ್ತದೆ. ಅವರು ಇನ್ನೊಬ್ಬರಿಗೆ ಹೇಳುವಾಗ ಅವರೂ ಹೇಳಬೇಕಾಗುತ್ತದೆ." ಚಾಕುವಿನ ತುದಿಯಿಂದ ಆಲೂಗಡ್ಡೆಯ ಕಣ್ಣೊಂದನ್ನು ಕಿತ್ತರು. "ಬೇಕರಿಯವಳು ಹೇಳಿದಳು. ಎದುರು ಮನೆಯವರು ಹೇಳಿದರು. ಅಮ್ಮ ಬದುಕಿದ್ದಾಗ ಈ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇರಲಿಲ್ಲ. ಹದಿನೇಳರ ಓಡಿಬಂದವಳು, ಅಷ್ಟೇ."

ಅವರು ಕುರ್ಚಿಯ ಮೇಲಿದ್ದ ಪತ್ರಿಕೆ ಎತ್ತಿ ಜಾಗ ಮಾಡಿದರು.

"ಇವತ್ತು ಬಸ್ ಸ್ಟಾಪಿನಲ್ಲಿ ನಿಜವಾಗಿ ಬೈದಿರಂತೆ. ಕೂತುಕೊಳ್ಳಿ. ಏನೇನು ಅಂದಿರಿ, ಒಂದೂ ಬಿಡದೆ ಹೇಳಿ. ನಾಳೆ ನನ್ನನ್ನು ಕೇಳುತ್ತಾರೆ."

ಕೂತು ಹೇಳಿದೆ. ಕ್ರಿಯಾಪದಗಳನ್ನೆಲ್ಲ ಸರಿಯಾದ ಜಾಗದಲ್ಲಿಟ್ಟು, ಆಡದಿದ್ದ ಎರಡು ಮೂರು ಮಾತು ಸೇರಿಸಿ ಹೇಳಿದೆ. ಆಯಿ ನಡುವೆ ತಡೆದು, ಆ ಮಾತಿಗಿಂತ ಮೊದಲು ಅಮ್ಮನ ಹೆಸರು ಬರಬೇಕು ಎಂದರು. ಅದನ್ನೂ ಸೇರಿಸಿದೆ.