ಬಲಕ್ಕೆ ಐ, ಎಡಕ್ಕೆ ಮೀ

ಕಾಪಿ ಮಾಡದೆಯೇ ಕಾಪಿಗಾರನಾಗಿ ಸಿಕ್ಕಿಬಿದ್ದ ಮಹಾಶಯ ನಾನೇ. ಕೊಲ್ಹಾಪುರದಲ್ಲಿ, ಮೆಟ್ರಿಕ್ಕಿನ ಇಂಗ್ಲಿಷ್ ಪೇಪರಿನ ದಿನ, ಅದೂ ಎರಡನೇ ಸಲ ಕೂತಾಗ! ಈ ಸಲವೂ ಫೇಲಾದರೆ ಪುಸ್ತಕ ಕಟ್ಟಿಟ್ಟು ಕಾಯಂ ಮಗ್ಗಕ್ಕೆ ನಿಲ್ಲು ಎಂದು ಅಪ್ಪ ಹೇಳಿಬಿಟ್ಟಿದ್ದ.

ಮೊದಲ ಸಲ ನನ್ನನ್ನು ಮುಳುಗಿಸಿದ್ದು ‘ಮೀ’. ಮನೆಯಲ್ಲಿ ಕನ್ನಡವಾದರೂ ಇಚಲಕರಂಜಿಯ ಓಣಿಯಲ್ಲಿ ಮರಾಠಿ ಆಡಿ ಬೆಳೆದವನಿಗೆ ಮೀ ಅಂದರೆ ನಾನು. ಇಂಗ್ಲಿಷಿನಲ್ಲಿ ಹೊಡೆಯುವವನು ಐ, ಹೊಡೆಸಿಕೊಳ್ಳುವವನು ಮೀ ಎಂದು ಮಾಸ್ತರರು ಹೊಡೆದೇ ಕಲಿಸಿದರೂ ತಲೆಗೆ ಹತ್ತಲಿಲ್ಲ.

ಫೇಲಾದ ಮೇಲೆ ಪಕ್ಕದ ಕಬನೂರಿನ ಮಗ್ಗದ ಶೆಡ್ಡಿನಲ್ಲಿ ನನ್ನದು ಹಗಲು ಪಾಳಿ. ಎರಡು ಪವರ್‌ಲೂಮಿನ ನಡುವೆ ನಿಂತು, ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗಿ ಎಳೆ ಹರಿದಿದೆಯೇ ನೋಡುವ ಕೆಲಸ. ಬಲಗಡೆಯ ಮಗ್ಗದ ಮೇಲೆ ಸೀಮೆಸುಣ್ಣದಿಂದ ಐ, ಹೀ, ಶೀ ಎಂದು ಬರೆದೆ. ಎಡಗಡೆಯದರ ಮೇಲೆ ಮೀ, ಹಿಮ್, ಹರ್. ಖಟಾಖಟ್ ಸದ್ದಿನ ತಾಳಕ್ಕೆ ತಿರುತಿರುಗಿ ಕೂಗುತ್ತಿದ್ದೆ.

ಪಕ್ಕದ ಜೋಡಿ ಮಗ್ಗದ ಕಾಕಾ ನಗುತ್ತಿದ್ದರು. “ಏನಲೇ, ಮಗ್ಗಕ್ಕ ಮಂತ್ರಾ ಹೇಳಾಕತ್ತಿ ಏನು? ಅತ್ತ ಎಳಿ ಹರದೈತಿ ನೋಡಲೇ!”

ಪರೀಕ್ಷೆಯಲ್ಲಿ ಮಗ್ಗಗಳಿಲ್ಲದೆ ಒಂದಕ್ಷರವೂ ಹೊಳೆಯಲಿಲ್ಲ. ಮೈ ತಾನಾಗಿ ತಿರುಗತೊಡಗಿತು. ಬಲಕ್ಕೆ ತಿರುಗಿ ‘ಹೀ’ ಬರೆದೆ, ಎಡಕ್ಕೆ ತಿರುಗಿ ‘ಹಿಮ್’. ಮೂರನೇ ಸಲ ತಿರುಗುವಷ್ಟರಲ್ಲಿ ಕಾವಲಿಗಿದ್ದ ಮಾಸ್ತರರು ಪೇಪರು ಕಿತ್ತುಕೊಂಡರು.

“ಯಾರದ ನೋಡಾಕತ್ತಿಯೋ?” ಅವರದು ಗಡಹಿಂಗ್ಲಜ ಕಡೆಯ ಕನ್ನಡ.

“ಯಾರದೂ ಅಲ್ರಿ ಸರ್. ನನ್ನ ಮಗ್ಗಾ ನೋಡಾಕತ್ತೇನ್ರಿ.”

“ಇಲ್ಲೆಲ್ಲೈತೋ ಮಗ್ಗಾ?”

ತೊದಲುತ್ತ ಎಲ್ಲ ಹೇಳಿದೆ. ಅವರು ನನ್ನ ಅಕ್ಕಪಕ್ಕ ಕಣ್ಣಾಡಿಸಿದರು. ಬಲಗಡೆಯವನ ಹಾಳೆ ಖಾಲಿ. ಎಡಗಡೆಯವನು ಹಾಳೆಯ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ.

“ಇವರ ಕಡೆ ಕದಿಯಾಕ ಏನೈತಿ? ಹೂಂ, ತಿರುಗು, ಬರಿ,” ಎಂದು ಪೇಪರು ಮರಳಿಸಿದರು.

ದಡಕ್ಕೆ ಕಾಲು ತಗುಲುವಷ್ಟು ಮಾರ್ಕು ಬಿದ್ದವು, ಪಾಸಾದೆ. ಗಡಹಿಂಗ್ಲಜದ ಅಡತಿ ದಲ್ಲಾಳಿಯ ಅಂಗಡಿಯಲ್ಲಿ ಕಾಗದಪತ್ರ ಬರೆಯುವ ಕೆಲಸ ಸಿಕ್ಕಿತು. ಇವತ್ತಿಗೂ ಇಂಗ್ಲಿಷ್ ಪತ್ರ ಬರೆಯಲು ಕೂತರೆ ನನ್ನ ಕುತ್ತಿಗೆ ಸುಮ್ಮನಿರುವುದಿಲ್ಲ. ಎಣ್ಣೆ, ಹತ್ತಿಧೂಳು ಕಲೆತ ಆ ಶೆಡ್ಡಿನ ವಾಸನೆ ಮೂಗಿಗೆ ಬಂದಂತಾಗುತ್ತದೆ.

ಕೆಲಸ ಸಿಕ್ಕ ವಾರವೇ ಪೇಢೆ ಹಿಡಿದು ಶೆಡ್ಡಿಗೆ ಹೋಗಿದ್ದೆ. ನನ್ನ ಅಕ್ಷರಗಳು ಮಗ್ಗದ ಮೇಲೆ ಹಾಗೇ ಇದ್ದವು. ನಾಚಿಕೆಯಾಗಿ ಅಂಗಿಯ ತೋಳಿನಿಂದ ಒರೆಸಹೋದೆ. ಕಾಕಾ ಕೈ ಹಿಡಿದರು.

“ಇರಲಿ ಬಿಡೋ ತಮ್ಮಾ. ನಿನ್ನ ಜಾಗಕ್ಕ ಬಂದಾಂವನೂ ಇಂಗ್ಲಿಷಿನಾಗ ಫೇಲಾಗ್ಯಾನ.”