ಶೈಲಕ್ಕ ಬರೆದ ಒಂದು ಸಾಲು

ಶೈಲಕ್ಕ ಯಾವ ಜಾಹೀರಾತನ್ನೂ ಕುರ್ಚಿಯಲ್ಲಿ ಕೂತು ಓದಿದವರಲ್ಲ. ನಾನು ಡಿಸೈನ್ ಮಾಡಿ ಪ್ರಿಂಟು ತೆಗೆದುಕೊಟ್ಟರೆ ಅದನ್ನು ಎದುರಿನ ಗೋಡೆಗೆ ಅಂಟಿಸಿ, ತರಕಾರಿ ಚೀಲವನ್ನು ಕೈಗೆ ನೇತುಹಾಕಿಕೊಂಡು, ಮೊಬೈಲನ್ನು ಕಿವಿಗಿಟ್ಟುಕೊಂಡು, ಯಾರೊಂದಿಗೋ ಜಗಳವಾಡುತ್ತಿರುವವರಂತೆ ಅದರ ಮುಂದೆ ಸರಸರ ಹಾದುಹೋಗುತ್ತಿದ್ದರು. ಬಾಗಿಲ ತನಕ ಹೋಗಿ ತಿರುಗಿ, "ಏನೂ ಕಾಣ್ಲಿಲ್ಲ ಮಾರಾಯ. ಬರೀ ಬಣ್ಣ ಕಾಣ್ತು," ಎನ್ನುವರು. ಅಲ್ಲಿಗೆ ನನ್ನ ಇಡೀ ದಿನದ ಕೆಲಸ ಕಸದ ಬುಟ್ಟಿಗೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದರ ಮೇಲೆ ಬೈಗುಳ ಬೇರೆ: "ಓದೋರು ನಿನ್ನ ಹಾಗೆ ಫ್ಯಾನ್ ಕೆಳಗೆ ಕೂತಿರಲ್ಲ ಕಣೋ. ಕೈಯಲ್ಲಿ ಭಾರ ಇರುತ್ತೆ, ತಲೇಲಿ ಇನ್ನೇನೋ ಓಡ್ತಿರುತ್ತೆ. ಅವರಿಗೆ ಮಾಡು."

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಟೈರ್ ಅಂಗಡಿಯೊಂದರ ಮಹಡಿಯ ಮೇಲೆ ಅವರ ಕಚೇರಿ. ಅವರು, ನಾನು, ಒಂದು ಕಂಪ್ಯೂಟರು; ಅಷ್ಟೇ ನಮ್ಮ ಏಜೆನ್ಸಿ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದ ಶೈಲಕ್ಕನಿಗೆ ತಮಿಳಿನಲ್ಲೂ ತೆಲುಗಿನಲ್ಲೂ ಜಗಳವಾಡಲು ಬರುತ್ತಿತ್ತು. ಮದುವೆಯಾಗದೆ ಗೋಪಾಳ ಬಡಾವಣೆಯಲ್ಲಿ ಒಬ್ಬರೇ ಇದ್ದರು. ಕೇಳಿದವರಿಗೆ, "ಯಾರೂ ನನ್ನ ಸರಿಯಾಗಿ ಜಾಹೀರಾತು ಮಾಡ್ಲಿಲ್ಲ," ಎಂದು ನಗುತ್ತಿದ್ದರು.

ಒಮ್ಮೆ ಆಯನೂರಿನ ಹೋಟೆಲಿನವರೊಬ್ಬರು ಸಾಗರ ರಸ್ತೆಗೆ ದೊಡ್ಡ ಬೋರ್ಡು ಬೇಕೆಂದು ಬಂದರು. ಅದರಲ್ಲಿ ಅವರ ಫೋಟೊ, ಅವರ ತಂದೆಯವರ ಫೋಟೊ, ಮಸಾಲೆ ದೋಸೆ, ಪೂರಿ, ನಾರ್ತ್ ಇಂಡಿಯನ್ ಊಟ ಎಲ್ಲವೂ ಇರಬೇಕಿತ್ತು. ಶೈಲಕ್ಕ ತಾಳ್ಮೆಯಿಂದ ಕೇಳಿಸಿಕೊಂಡು, "ಜೋಗ ನೋಡ್ಕೊಂಡು ಸಂಸಾರ ಸಮೇತ ವಾಪಸ್ ಬರೋರಿಗೆ ಆಯನೂರು ಮುಟ್ಟೋ ಹೊತ್ತಿಗೆ ಮೊದ್ಲು ಏನು ಬೇಕಾಗುತ್ತೆ ಹೇಳಿ," ಎಂದರು.

"ಕಾಫಿ."

"ಅಲ್ಲ. ಮನೇಲಿ ಹೆಂಗಸ್ರನ್ನ ಕೇಳ್ಕೊಂಡು ಬನ್ನಿ."

ಕೊನೆಗೆ ಬೋರ್ಡಿನ ಮೇಲೆ ಇದ್ದದ್ದು ಇಷ್ಟೇ: 'ಸ್ವಚ್ಛವಾದ ಶೌಚಾಲಯ ಇದೆ. ಕಾಫಿಯೂ ಇದೆ.' "ನನ್ನ ಹೋಟ್ಲಿಗೆ ಕಕ್ಕಸಿನ ಬೋರ್ಡ್ ಹಾಕ್ತೀರೇನ್ರೀ?" ಎಂದು ಅವರು ಕುರ್ಚಿಯಿಂದ ಎದ್ದೇ ನಿಂತಿದ್ದರು. ಬೋರ್ಡು ಹಾಕಿದ ಮೇಲೆ ಕಾರುಗಳು ಸಾಲಾಗಿ ನಿಲ್ಲತೊಡಗಿದವು. ಹೋಟೆಲಿನವರು ಶೈಲಕ್ಕನಿಗೆ ಹೇಳದೆ ಮೂಲೆಯಲ್ಲಿ ತಮ್ಮ ಫೋಟೊವನ್ನು ಸೇರಿಸಿಕೊಂಡರು ಅನ್ನುವುದು ಬೇರೆ ಮಾತು.

ಬಂದ ಕೆಲಸವನ್ನೆಲ್ಲ ಅವರು ಒಪ್ಪಿಕೊಳ್ಳುತ್ತಿರಲಿಲ್ಲ. "ಇದನ್ನ ನಿಮ್ಮನೇಲಿ ಯಾರು ಬಳಸ್ತಾರೆ?" ಎಂಬುದು ಅವರ ಮೊದಲ ಪ್ರಶ್ನೆ. ಟ್ಯೂಷನ್ ನಡೆಸುವವರೊಬ್ಬರು ತಮ್ಮ ಮಗಳನ್ನೇ ಬೇರೆ ಕಡೆ ಟ್ಯೂಷನ್ನಿಗೆ ಕಳಿಸುತ್ತಿದ್ದುದು ತಿಳಿದು, ಅವರನ್ನು ಕಾಫಿ ಕುಡಿಸಿ ಸಾಗಹಾಕಿದ್ದರು.

ಹಾಗಾಗಿ ಕುಡಿತ ಬಿಡಿಸುವ ಪುಡಿ ಮಾರುವವನು ಬಂದ ದಿನ ನಾನು ಆ ಪ್ರಶ್ನೆಗಾಗಿ ಕಾದೆ. ಸಾರಿನಲ್ಲಿ ಬೆರೆಸಿ ಕೊಟ್ಟರೆ ಗಂಡಸಿಗೆ ಹೆಂಡದ ಮೇಲೆ ಹೇಸಿಗೆ ಹುಟ್ಟುತ್ತದೆ, ಅವನಿಗೆ ಗೊತ್ತೂ ಆಗುವುದಿಲ್ಲ ಎಂದು ಆತ ಹೇಳುತ್ತಿದ್ದ. ಶೈಲಕ್ಕ ಏನನ್ನೂ ಕೇಳಲಿಲ್ಲ. ಆತ ಹೋದ ಮೇಲೆ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ತಂದೆಯ ಮಾತು ತೆಗೆದರು. ಅವರ ತಂದೆ ಕುಡಿದೇ ಸತ್ತಿದ್ದರು. "ನಮ್ಮಮ್ಮಂಗೆ ಆಗ ಇಂಥದ್ದೊಂದು ಸಿಕ್ಕಿದ್ರೆ ಕಣೋ..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಆ ಪುಡಿ ನಿಜವೇ ಇರಲಿ ಎಂದು ಅವರಿಗೆ ಆಸೆ; ಕೆಲಸ ಒಪ್ಪಿಕೊಂಡರು. ಇಂದಿಗೂ ನಾನು ಅವರನ್ನು ದೂರಲಾರೆ, ಆದರೆ ನೆನೆದರೆ ಸಂಕಟವಾಗುತ್ತದೆ.

ಇಂಥ ಪುಡಿಗಳ ಜಾಹೀರಾತು ಲೈಟು ಕಂಬಗಳ ಮೇಲೆ ದಪ್ಪ ಕೆಂಪಕ್ಷರಗಳಲ್ಲಿ ಇರುತ್ತದೆ. ಶೈಲಕ್ಕ ಅಂಗೈಯಗಲದ ಸ್ಟಿಕ್ಕರು ಮಾಡಿಸಿದರು. ಅದನ್ನು ಶಿವಮೊಗ್ಗ, ಭದ್ರಾವತಿಯ ಹಿಟ್ಟಿನ ಗಿರಣಿಗಳಲ್ಲಿ ಮಾತ್ರ ಅಂಟಿಸಬೇಕೆಂದರು. "ನಾಲ್ಕು ಜನ ನೋಡೋ ಕಂಬದಲ್ಲಿ ಇದನ್ನ ತಲೆ ಎತ್ತಿ ಓದೋ ಹೆಂಗಸು ಎಲ್ಲಿದ್ದಾಳೆ? ಮಿಲ್ಲಲ್ಲಾದ್ರೆ ಹಿಟ್ಟು ಬೀಳೋವರೆಗೆ ನಿಂತಿರ್ತಾಳೆ. ಆ ಸದ್ದಲ್ಲಿ ಮಾತಾಡಕ್ಕಾಗಲ್ಲ. ಓದ್ತಾಳೆ." ಸ್ಟಿಕ್ಕರಿನ ಮೇಲೆ ಅವರು ಬರೆದದ್ದು: 'ಅವರು ಕುಡಿಯುವುದನ್ನು ಬಿಡುತ್ತಾರೆ. ನೀವು ಯಾರಿಗೂ ಹೇಳಬೇಕಾಗಿಲ್ಲ.' ಕೆಳಗೆ ಪುಡಿಯವನ ಫೋನ್ ನಂಬರು. ಓದಿ ನನ್ನ ಮೈ ಜುಮ್ಮೆಂದಿತು. ಪುಡಿಯವನ ಫೋನು ಬಡಿದುಕೊಳ್ಳುವುದು ನಿಲ್ಲಲೇ ಇಲ್ಲ.

ಕೆಲವು ತಿಂಗಳ ಮೇಲೆ ಭದ್ರಾವತಿಯ ಯುವಕನೊಬ್ಬ ಆ ಸ್ಟಿಕ್ಕರು ಹಿಡಿದು ನಮ್ಮ ಮೆಟ್ಟಿಲು ಹತ್ತಿಬಂದ. ಅದರ ತುದಿಯಲ್ಲಿ ಸಣ್ಣದಾಗಿ ನಮ್ಮ ಏಜೆನ್ಸಿಯ ಹೆಸರಿತ್ತು. ಅವನ ಭಾವ ಊಟದ ನಂತರ ಕುಡಿದು ಕುಸಿದುಬಿದ್ದು ಶಿವಮೊಗ್ಗದ ಆಸ್ಪತ್ರೆ ಸೇರಿದ್ದರು. ಏನು ತಿಂದರು, ಯಾವ ಔಷಧಿ ತಗೊಂಡರು ಎಂದು ಡಾಕ್ಟರು ಎಷ್ಟು ಕೇಳಿದರೂ ಅವನ ಅಕ್ಕ ಗೊತ್ತಿಲ್ಲವೆಂದು ತಲೆಯಾಡಿಸುತ್ತಲೇ ಇದ್ದಳಂತೆ. ಎರಡು ದಿನ ಕಳೆದ ಮೇಲೆ ಅಡುಗೆಮನೆಯಲ್ಲಿ ತಮ್ಮನಿಗೆ ಪುಡಿಯ ಪೊಟ್ಟಣ ಸಿಕ್ಕಿತ್ತು. ಅದರಲ್ಲಿ ಏನಿದೆಯೆಂದು ಕೇಳಲು ಫೋನು ಮಾಡಿದರೆ ಪುಡಿಯವನು ಎತ್ತಿರಲಿಲ್ಲ.

ಶೈಲಕ್ಕ ಅವನು ತಂದಿದ್ದ ಪೊಟ್ಟಣವನ್ನು ಕಿತ್ತುಕೊಂಡು ಆಸ್ಪತ್ರೆಗೆ ಓಡಿದರು. ನಾನೂ ಹಿಂದೆಯೇ ಹೋದೆ. ಡಾಕ್ಟರಿಗೆ ಎಲ್ಲವನ್ನೂ ಹೇಳಿ, ಹೊರಗೆ ಬೆಂಚಿನ ಮೇಲಿದ್ದ ಆ ಹೆಣ್ಣುಮಗಳ ಪಕ್ಕ ಕೂತು, "ಕೇಳಿದಾಗ ಯಾಕಮ್ಮ ಹೇಳ್ಲಿಲ್ಲ?" ಎಂದರು.

"ಅತ್ತೆ, ಮಾವ ಎಲ್ಲ ಅಲ್ಲೇ ನಿಂತಿದ್ರಕ್ಕ. ಯಾರಿಗೂ ಹೇಳಬೇಕಾಗಿಲ್ಲ ಅಂತ ಬರ್ದಿತ್ತಲ್ಲ, ಆ ಧೈರ್ಯದ ಮೇಲೇ ನಾನು ತರಿಸಿದ್ದು."

ಶೈಲಕ್ಕನ ಮುಖ ನೋಡಲು ನನ್ನಿಂದ ಆಗಲಿಲ್ಲ. ಆಕೆಯ ಗಂಡ ಬದುಕಿಕೊಂಡರು, ಆದರೆ ಎಡಗೈ, ಎಡಗಾಲಿನ ಸ್ವಾಧೀನ ಹೋಯಿತು. ಆ ಪುಡಿಯ ಮೇಲೆ ಹೆಂಡ ಬಿದ್ದರೆ ವಿಷವಾಗುತ್ತದೆ, ಮೊದಲ ದಿನವೇ ಗೊತ್ತಾಗಿದ್ದರೆ ಚೆನ್ನಾಗಿತ್ತು ಎಂದು ಡಾಕ್ಟರು ಹೇಳಿದರು.

ಪೊಲೀಸರಿಗೆ ದೂರು ಕೊಟ್ಟಾಯಿತು. ಪುಡಿಯವನು ಮಾತ್ರ ಜಗ್ಗಲಿಲ್ಲ. "ನಿಮ್ಮ ಸಾಲಿನಿಂದ್ಲೇ ಮೇಡಂ ಇಷ್ಟು ಓಡ್ತಿರೋದು, ಈಗ ನೀವೇ ಬೇಡ ಅಂದ್ರೆ ಹೆಂಗೆ?" ಎಂದು ನಕ್ಕ. ಅಂದಿನಿಂದ ಶೈಲಕ್ಕ ಬೇರೆ ಕೆಲಸವನ್ನೆಲ್ಲ ಬಿಟ್ಟು ಗಿರಣಿಯಿಂದ ಗಿರಣಿಗೆ ಹೋಗಿ ಸ್ಟಿಕ್ಕರುಗಳನ್ನು ತಾವೇ ಕೆರೆದು ತೆಗೆಯತೊಡಗಿದರು. ಆಮೇಲೆ ಕಚೇರಿ ಮುಚ್ಚಿತು. ನಾನೀಗ ಬೇರೆ ಕಡೆ ದುಡಿಯುತ್ತೇನೆ. ಗೋಪಾಳದ ಮನೆಯಲ್ಲಿ ಬೇರೆ ಯಾರೋ ಬಾಡಿಗೆಗಿದ್ದಾರೆ. ಶೈಲಕ್ಕ ನನ್ನ ಫೋನೂ ಎತ್ತುವುದಿಲ್ಲ.

ನಾನು ಅವರನ್ನು ಕೊನೆಯ ಸಲ ಕಂಡದ್ದು ಭದ್ರಾವತಿಯ ಒಂದು ಗಿರಣಿಯಲ್ಲಿ. ಸ್ಟಿಕ್ಕರಿನ ಮೇಲೆ ಹಿಟ್ಟು ಕೂತು ಗಟ್ಟಿಯಾಗಿತ್ತು. ಒದ್ದೆ ಬಟ್ಟೆಯಿಂದ ನೆನೆಸಿ, ಚಮಚದಿಂದ ಕೆರೆಯುತ್ತಿದ್ದರು. ರಾಗಿ ಬೀಸಿಸಲು ಬಂದಿದ್ದ ಹೆಂಗಸೊಬ್ಬಳು ನೋಡುತ್ತ ನಿಂತಿದ್ದಳು. ಯಂತ್ರ ನಿಂತ ಮೇಲೆ ಹತ್ತಿರ ಬಂದು, "ಯಾಕ್ರೀ ಕೀಳ್ತೀರಿ ಅದನ್ನ?" ಎಂದಳು.

"ಇದು ಬೇಡಮ್ಮ, ವಿಷ. ಒಬ್ರಿಗೆ ಕೈಕಾಲೇ ಬಿದ್ದುಹೋಯ್ತು. ಮನೆಯವ್ರನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗು. ಬೇಕಾದ್ರೆ ನಾನೂ ಬರ್ತೀನಿ."

"ಡಾಕ್ಟ್ರ ಹತ್ರ ಬರೋ ಮನುಷ್ಯ ಆಗಿದ್ರೆ ಇದ್ಯಾಕೆ ಬೇಕಿತ್ತು? ನಿಮ್ಮನೇಲಿ ಕುಡಿಯೋರಿಲ್ಲ, ನಿಮಗೇನು ಗೊತ್ತು."

"ಇದ್ರಮ್ಮ. ನಮ್ಮಪ್ಪ."

"ಬಿಟ್ರಾ?"

ಶೈಲಕ್ಕ ಚಮಚ ಕೆಳಗಿಟ್ಟರು. "ಇಲ್ಲ," ಎಂದರು.

"ಮತ್ತೆ?" ಎಂದಳು ಆಕೆ. ಹಿಟ್ಟಿನ ಡಬ್ಬಿಯನ್ನು ಸೊಂಟಕ್ಕೇರಿಸಿಕೊಂಡು, "ಕಿತ್ಕೊಳ್ಳಿ ಬೇಕಾದ್ರೆ. ನಂಗೆ ನಂಬರು ಬಾಯಿಪಾಠ ಆಗಿದೆ," ಎಂದು ಹೊರಟೇಬಿಟ್ಟಳು.

ಶೈಲಕ್ಕ ನನ್ನನ್ನು ಅಲ್ಲೇ ಬಿಟ್ಟು ಒದ್ದೆ ಬಟ್ಟೆ ಹಿಡಿದುಕೊಂಡೇ ಬೀದಿಗೆ ಓಡಿದರು. "ನಿಲ್ಲಮ್ಮ, ಒಂದ್ನಿಮಿಷ ನಾನು ಹೇಳೋದು ಕೇಳು," ಎಂದು ಕೂಗುತ್ತ ಆಕೆಯ ಹಿಂದೆ ಹೋದರು. ಆಕೆ ಹೆಜ್ಜೆ ಜೋರು ಮಾಡಿದಳು.