ಮಾವನವರ ಇಂಜಿನ್ನಿಗೆ ನನ್ನ ಕಿವಿ

ನಮ್ಮ ಮಾವನವರ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿಕೊಂಡೇ ಬೆಳೆಯುತ್ತಿತ್ತು. ಪುಟ್ಟ ಮಾದರಿ ವಿಮಾನದ ಪ್ರೊಪೆಲ್ಲರ್ ಹೊಡೆದ ಗುರುತು ಅದು. ಮುಷ್ಟಿಯಷ್ಟೂ ಇಲ್ಲದ ಆ ಇಂಜಿನ್ನನ್ನು ಬೆರಳಿನಿಂದಲೇ ಚಿಮ್ಮಿ ಚಾಲೂ ಮಾಡಬೇಕೆಂಬುದು ಅವರ ಹಟ. ಕೋಲು ಬಳಸಿ ಎಂದರೆ, "ಅದರ ಬಿಗಿ ಬೆರಳಿಗೆ ಗೊತ್ತಾಗುತ್ತೆ, ಕೋಲಿಗೇನು ಗೊತ್ತಾಗುತ್ತೆ?" ಎನ್ನುತ್ತಿದ್ದರು.

ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಚೆಂಬೂರಿನ ನಮ್ಮ ಫ್ಲ್ಯಾಟಿನ ಬಾಲ್ಕನಿಯೇ ಅವರ ವರ್ಕ್‌ಶಾಪು. ಇಂಧನಕ್ಕೆ ಹರಳೆಣ್ಣೆ ಬೆರೆಸುತ್ತಿದ್ದರಿಂದ ಅಂಗಿಗಳಲ್ಲೆಲ್ಲ ಸುಟ್ಟ ಎಣ್ಣೆಯ ವಾಸನೆ. "ಇವರನ್ನ ಎಣ್ಣೆಸ್ನಾನಕ್ಕೆ ಕೂರಿಸೋಕೆ ನಾನು ಗೋಗರೀಬೇಕು, ಆ ಯಂತ್ರಕ್ಕೆ ಮಾತ್ರ ನಿತ್ಯ ಅಭ್ಯಂಜನ!" ಎಂದು ಅತ್ತೆ ಗೊಣಗುತ್ತಿದ್ದರು.

ಭಾನುವಾರ ಪನ್ವೇಲ್ ಆಚೆಯ ಬಯಲಿನಲ್ಲಿ ರಿಮೋಟ್ ಹಿಡಿದು ವಿಮಾನ ಹಾರಿಸುವವರ ಗುಂಪು ಸೇರುತ್ತದೆ. ಈಗ ಬಹುಪಾಲು ಬ್ಯಾಟರಿ ವಿಮಾನಗಳೇ. "ಅಂಕಲ್, ಬ್ಯಾಟರಿ ಲಗಾಓ ನಾ," ಎಂದವರಿಗೆ ಮಾವ, "ವೋ ಪಂಖಾ ಹೈ, ಯೇ ಇಂಜಿನ್ ಹೈ," ಎಂದು, ಬ್ಯಾಟರಿಯದ್ದು ಬರೀ ಫ್ಯಾನು ಎಂಬಂತೆ ಬಾಯಿ ಮುಚ್ಚಿಸುತ್ತಿದ್ದರು.

ಆಮೇಲೆ ಅವರ ಕಿವಿ ಮಂದವಾಯಿತು. ಇಂಜಿನ್ನಿಗೆ ಹೋಗುವ ಇಂಧನವನ್ನು ಒಂದು ಸಣ್ಣ ಸೂಜಿ ತಿರುಪು ತಿರುಗಿಸಿ, ಸದ್ದು ಕೇಳಿಯೇ ಹದಕ್ಕೆ ತರಬೇಕು. ಕಿವಿ ಮೆಷಿನ್ ಹಾಕಿದರೆ ಅವರಿಗೆ ಎಲ್ಲವೂ ಒಂದೇ ಕಿರುಚಾಟ. ಹದ ತಪ್ಪಿತು. ಮೇಲೇರುತ್ತಿದ್ದ ವಿಮಾನದ ಇಂಜಿನ್ ನಿಂತು, ಮೂಗು ಕೆಳಗಾಗಿ ಬಿತ್ತು. "ಸಾಕು ಬಿಡಪ್ಪ ಇನ್ನು," ಎಂದರು ನನ್ನ ಗಂಡ. ಮಾವ ಬಿಡಲಿಲ್ಲ. ಮಳೆಗಾಲವಿಡೀ ಕೂತು, ಬಾಲ್ಸಾ ಮರದ ಕಡ್ಡಿ ಅಂಟಿಸಿ ಹೊಸ ರೆಕ್ಕೆ ಕಟ್ಟಿದರು. ಕಟ್ಟಿ ಮುಗಿಸಿ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತರು.

"ಇನ್ನೊಂದು ಸಲ ಬಿದ್ರೆ ಮತ್ತೆ ಕಟ್ಟೋ ಶಕ್ತಿ ನನಗಿಲ್ಲಮ್ಮ. ಹದ ನೀನು ಮಾಡು."

"ನಾನಾ? ಅಯ್ಯೋ, ನನಗೇನು ಗೊತ್ತು ಮಾವ?"

"ಹಾಲ್‌ನಲ್ಲಿ ಕೂತೇ ಮಿಕ್ಸಿ ಸದ್ದು ಕೇಳಿ, ಚಟ್ನಿ ನುಣ್ಣಗಾಯ್ತು ಆಫ್ ಮಾಡಿ ಅಂತೀಯಲ್ಲ. ಆ ಕಿವಿ ಸಾಕು."

ಟೆರೇಸಿನಲ್ಲಿ ಪಾಠ ಶುರುವಾಯಿತು. ಮೊದಲ ದಿನವೇ ಸೊಸೈಟಿ ಸೆಕ್ರೆಟರಿ ಏದುಸಿರು ಬಿಡುತ್ತ ಓಡಿಬಂದ: "ಕಾಕಾ, ಪಾನಿ ಕಾ ಪಂಪ್ ಜಲ್ ಗಯಾ ಕ್ಯಾ?" ನೀರಿನ ಪಂಪು ಸುಟ್ಟಿತೆಂದು ಹೆದರಿದ್ದವನನ್ನು ಹೇಗೋ ಸಾಗಹಾಕಿದೆವು. ಹೊಸಬರೆಲ್ಲ ಮಾಡುವ ತಪ್ಪನ್ನು ನಾನೂ ಮಾಡಿದೆ. ತಿರುಪು ಬಿಗಿದಂತೆ ಇಂಧನ ಕಡಿಮೆಯಾಗಿ ಸದ್ದು ಇಂಪಾಗುತ್ತದೆ. ಬಲು ಇಂಪಾದ ಕಡೆ ನಿಲ್ಲಿಸಿ ಬೀಗಿದೆ. ಮಾವ ಇಂಧನದ ನಳಿಗೆಯನ್ನು ಕ್ಷಣಮಾತ್ರ ಹಿಸುಕಿದರು. ಇಂಜಿನ್ ಪಕ್ಕನೆ ಕುಸಿಯಿತು. "ನೋಡ್ದ್ಯಾ? ಹೊಟ್ಟೆಗೆ ಸಾಲ್ತಿಲ್ಲ ಅದಕ್ಕೆ. ಹಿಸುಕಿದಾಗ ಸದ್ದು ಏರಬೇಕು. ನೆಲದ ಮೇಲೆ ಸ್ವಲ್ಪ ಗೊರಗೊರ ಅನ್ಲಿ ಬಿಡು, ಮೂಗೆತ್ತಿ ಏರುವಾಗ ತಾನೇ ಸರಿಹೋಗುತ್ತೆ."

ಹಾರಿಸುವ ದಿನ ಬಯಲಿನಲ್ಲಿ ಮಾವ ಇಂಜಿನ್ ಚಾಲೂ ಮಾಡಿಕೊಟ್ಟರು. ತಿರುಪು ತಿರುಗಿಸಿದೆ, ಸದ್ದು ಇಂಪಾಯಿತು. "ಬಸ್ ಭಾಭಿ, ಏಕ್‌ದಮ್ ಪರ್ಫೆಕ್ಟ್!" ಎಂದರು ಸುತ್ತ ನಿಂತವರು. ನಳಿಗೆ ಹಿಸುಕಿದೆ. ಕುಸಿಯಿತು. ತಿರುಪನ್ನು ಹಿಂದಕ್ಕೆ ಬಿಟ್ಟೆ. ಸದ್ದು ಒರಟಾಯಿತು, ಹೊಗೆ ಹೆಚ್ಚಿತು. "ಅರೇ, ಬಿಗಾಡ್ ದಿಯಾ!" ಎಂದ ಒಬ್ಬ, ನಾನು ಕೆಡಿಸಿಯೇಬಿಟ್ಟೆನೆಂಬಂತೆ. ಇನ್ನೊಮ್ಮೆ ಹಿಸುಕಿದೆ. ಸದ್ದು ಏರಿತು. ಏನಾದರಾಗಲಿ ಎಂದು ಅಲ್ಲೇ ಕೈಬಿಟ್ಟು ಮಾವನವರತ್ತ ತಲೆಯಾಡಿಸಿದೆ.

ಅವರು ಇಂಜಿನ್ನಿನತ್ತ ನೋಡಲೇ ಇಲ್ಲ. ಕಿವಿ ಮೆಷಿನ್ ತೆಗೆದು ಜೇಬಿಗೆ ಹಾಕಿಕೊಂಡು, ರಿಮೋಟ್ ಕೈಗೆತ್ತಿಕೊಂಡರು.

ವಿಮಾನ ಓಡಿತು, ಎದ್ದಿತು, ಹಿಂದೆ ಬಿದ್ದಿತ್ತಲ್ಲ, ಆ ಎತ್ತರವನ್ನೂ ದಾಟಿತು. ಆ ಗೊರಗೊರ ಕರಗಿ ಸದ್ದು ತುಂಬಿಕೊಂಡಿತು. ನನಗೆ ಅಳು ಬಂತು.

"ಹೇಗಿದೆಯಮ್ಮ ಸದ್ದು?" ಎಂದು ಆಕಾಶ ನೋಡುತ್ತಲೇ ಕೇಳಿದರು.

"ಚೆನ್ನಾಗಿದೆ ಮಾವ, ಬಹಳ ಚೆನ್ನಾಗಿದೆ!" ಎಂದು ಅವರ ಕಿವಿಯ ಬಳಿ ಕೂಗಿದೆ.

ಮರುವರ್ಷ ಮಾವ ನಿದ್ದೆಯಲ್ಲೇ ಹೋಗಿಬಿಟ್ಟರು. ಇಂಜಿನ್ ಯಾರಿಗಾದರೂ ಕೊಟ್ಟುಬಿಡೋಣವೇ ಎಂದ ಗಂಡನಿಗೆ, "ಬೇಕಾದ್ರೆ ನಿಮ್ಮನ್ನ ಕೊಡ್ತೀನಿ," ಎಂದೆ. ಈಗ ಹಾರಿಸುವುದನ್ನೂ ಕಲಿಯುತ್ತಿದ್ದೇನೆ. ಮೊನ್ನೆ ಬೀಳಿಸಿದೆ. ತಿರುವು ತೆಗೆದುಕೊಳ್ಳುವಾಗ ಕೈ ತಪ್ಪಿತು. ಕೂತು ರೆಕ್ಕೆ ಕಟ್ಟುತ್ತಿದ್ದೇನೆ, ಕಟ್ಟಿಯೇ ಕಟ್ಟುತ್ತೇನೆ. ಇಂಜಿನ್ ಮಾತ್ರ ನೆಲಕ್ಕೆ ತಾಗುವವರೆಗೂ ಓಡುತ್ತಲೇ ಇತ್ತು, ಮಾವ.